ಅಭಾವಕ್ಕೊಂದು ಸಂಕೇತ

ಆಸ್ಪತ್ರೆಯಿಂದ ಮನೆಗೆ ಮರಳುವ ರೋಗಿಯ ಕೈಯಲ್ಲಿ ಈಗ ಔಷಧದ ಚೀಟಿಯೊಡನೆ ಇನ್ನೊಂದು ಪತ್ರವೂ ಇರುವುದುಂಟು. ಅದರಲ್ಲಿ ರೋಗದ ಹೆಸರಿನ ಪಕ್ಕದಲ್ಲಿ ಒಂದು ಅಕ್ಷರವನ್ನೂ ಕೆಲವು ಅಂಕಿಗಳನ್ನೂ ಬರೆದಿರುತ್ತಾರೆ. ಮನೆಯವರು ಅದನ್ನು ಲೆಕ್ಕದ ಗುರುತೆಂದು ಭಾವಿಸಿ ಪತ್ರವನ್ನು ಮಡಿಸಿ ಇಟ್ಟುಬಿಡುತ್ತಾರೆ. ಆ ಗುರುತುಗಳಲ್ಲಿ 'ಇ 54' ಎಂಬುದೊಂದನ್ನು ಕುರಿತು ವಾಚಕರಿಗೆ ನಾಲ್ಕು ಮಾತು ಹೇಳಬೇಕೆಂದು ನಮಗೆ ತೋರಿತು. ಅದಕ್ಕೂ ನಮ್ಮ ಅಡಿಗೆಯ ಮನೆಗಳಿಗೂ ನೇರವಾದ ಸಂಬಂಧವುಂಟು.

ವ್ಯಾಕರಣವನ್ನು ಓದಿದವರು ಪಾಣಿನಿಯ ಪ್ರತ್ಯಾಹಾರಗಳನ್ನು ಬಲ್ಲರು. 'ಅಚ್' ಎಂದರೆ ಸಾಕು, ಸ್ವರಗಳೆಲ್ಲವೂ ಬಂದುವು. ರೋಗಸಂಕೇತವೂ ಅದೇ ಜಾತಿಯದು. ಫ್ರಾನ್ಸಿನ ಜಾಕ್ ಬರ್ತಿಯೋಂ ಎಂಬಾತನು 1893ರಲ್ಲಿ ಮರಣಕಾರಣಗಳ ಒಂದು ಪಟ್ಟಿಯನ್ನು ಮುಂದಿಟ್ಟನು; ಅದು ಬೆಳೆಬೆಳೆದು ಈಗ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣವಾಗಿದೆ. 1990ರಲ್ಲಿ ಅಂಗೀಕೃತವಾದ ಅದರ ಹತ್ತನೆಯ ಪರಿಷ್ಕರಣದಲ್ಲಿ ಇ 50 ಎಂದರೆ ಜೀವಸತ್ವ 'ಎ'ಯ ಕೊರತೆ, ಇ 55 ಎಂದರೆ 'ಡಿ'ಯದು, ಇ 54 ಎಂದರೆ 'ಸಿ'ಯದು. ವೈದ್ಯನು ಯಾವ ಭಾಷೆಯಲ್ಲಿ ಬರೆದರೂ ಎಣಿಸುವವನಿಗೆ ಅರ್ಥವೊಂದೇ.

ವೈಶೇಷಿಕರು ಮೊದಲು ಆರು ಪದಾರ್ಥಗಳನ್ನು ಎಣಿಸಿದರು. ಮುಂದೆ ಬಂದವರು ಅಭಾವವನ್ನು ಏಳನೆಯದಾಗಿ ಸೇರಿಸಿದರು. ಆದರೆ ಗಡಿಗೆಯೆಂದರೇನೆಂದು ಅರಿಯದವನಿಗೆ 'ಇಲ್ಲಿ ಗಡಿಗೆಯಿಲ್ಲ' ಎಂಬ ಜ್ಞಾನವು ಹುಟ್ಟಲಾರದು. ಇ 54 ಅಂಥದೊಂದು ಅಭಾವದ ಹೆಸರು. ಇಲ್ಲಿ ಹಿಡಿದು ತೋರಿಸಲು ಕ್ರಿಮಿಯಿಲ್ಲ, ವಿಷವಿಲ್ಲ. ಅಂಗಾಂಶಗಳನ್ನು ಬಿಗಿದು ಹಿಡಿಯುವ ಕೊಲ್ಯಾಜನ್ ಎಂಬ ನಾರು ಗಟ್ಟಿಯಾಗುವುದಕ್ಕೆ ಈ ಸತ್ವವು ಬೇಕು, ಮನುಷ್ಯದೇಹವು ಅದನ್ನು ತಾನಾಗಿ ಮಾಡಿಕೊಳ್ಳಲಾರದು. ಆಹಾರದಲ್ಲಿ ಅದು ಹೆಚ್ಚು ಕಡಿಮೆ ಇಲ್ಲವಾದರೆ ಒಂದರಿಂದ ಮೂರು ತಿಂಗಳೊಳಗೆ ಒಸಡು ಊದಿ ರಕ್ತ ಸೋರುವುದು, ಕೂದಲ ಬುಡದಲ್ಲಿ ಕೆಂಪು ಚುಕ್ಕೆಗಳೇಳುವುವು, ಕಾಲುಗಳು ನೋಯುವುವು, ಗಾಯಗಳು ಮಾಯವು. ಇದೇ ಸ್ಕರ್ವಿ. ಸುಶ್ರುತನು ಹೇಳಿದ 'ಶೀತಾದ'ವೆಂಬ ಒಸಡಿನ ರೋಗದ ವರ್ಣನೆಯು ಇದನ್ನು ಹೋಲುವುದು ನಿಜ. ಆದರೆ ಒಸಡಿನ ರಕ್ತಕ್ಕೆ ಕಾರಣಗಳು ಹಲವಿರುವುದರಿಂದ ಎರಡನ್ನೂ ಒಂದೆನ್ನುವ ಉತ್ಸಾಹ ನಮಗಿಲ್ಲ.

1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾವೈದ್ಯನು ಸಾಲಿಸ್‌ಬರಿ ಎಂಬ ಹಡಗಿನಲ್ಲಿ 12 ಮಂದಿ ರೋಗಿಗಳಿಗೆ ಎರಡೆರಡು ಜನರಂತೆ ಬೇರೆ ಬೇರೆ ಪದಾರ್ಥಗಳನ್ನು ಕೊಟ್ಟು ನೋಡಿದನು. ಕಿತ್ತಳೆ, ನಿಂಬೆಗಳನ್ನು ತಿಂದ ಇಬ್ಬರು ಬೇಗನೆ ಚೇತರಿಸಿದರು. ಬ್ರಿಟಿಷ್ ನೌಕಾದಳವು ನಿಂಬೆಯ ರಸವನ್ನು ನಾವಿಕರಿಗೆ ಹಂಚಲು ಕ್ರಮಮಾಡಿದುದು 1795ರಲ್ಲಿ. ನಡುವಿನ 48 ವರ್ಷಗಳಲ್ಲಿ ಸಮುದ್ರದ ಪಾಲಾದ ಹುಡುಗರನ್ನು ನೆನೆದರೆ ಮನಸ್ಸು ಮರುಗುತ್ತದೆ.

ಸಂಕೇತವಿದ್ದ ಮಾತ್ರಕ್ಕೆ ರೋಗವು ಎಣಿಕೆಗೆ ಬರುವುದೆಂದು ತಿಳಿಯಬಾರದು. ನಮ್ಮ ಪರಿಚಿತರಾದ ವೃದ್ಧರೊಬ್ಬರು ಪತ್ನಿಯು ತೀರಿಕೊಂಡಮೇಲೆ ಒಬ್ಬರೇ ಇದ್ದರು. ಹೊತ್ತಿಗೆ ಅನ್ನ ಮಜ್ಜಿಗೆ, ಇಲ್ಲವಾದರೆ ಕಾಫಿ ಬ್ರೆಡ್ಡು. ಒಸಡಿನಲ್ಲಿ ರಕ್ತ ಬಂದಾಗ ಹಲ್ಲಿನ ವೈದ್ಯರೊಬ್ಬರು ಅದನ್ನು ಒಸಡಿನ ಉರಿಯೂತವೆಂದು ಬರೆದರು. ವರ್ಗೀಕರಣದಲ್ಲಿ ಅದರ ಸ್ಥಾನ ಕೆ 05. ಇ 54ಕ್ಕೂ ಅದಕ್ಕೂ ಅಧ್ಯಾಯವೇ ಬೇರೆ. ಕಾಲಿನ ಮೇಲೆ ನೀಲಿ ಮಚ್ಚೆಗಳೆದ್ದುವು. ಅದಕ್ಕೊಂದು ಮುಲಾಮು ಬಂದಿತು. ಕಡೆಗೆ ತರುಣಿಯಾದ ವೈದ್ಯೆಯೊಬ್ಬಳು, "ತಾತ, ನೆನ್ನೆ ಏನು ಊಟ ಮಾಡಿದಿರಿ? ಮೊನ್ನೆ?" ಎಂದು ಕೇಳಿದಳು. "ಯಾವುದಾದರೂ ಹಣ್ಣು ತಿಂದು ಎಷ್ಟು ದಿನವಾಯಿತು?" ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿರಲಿಲ್ಲವಂತೆ. ಆ ದಿನ ಪತ್ರದ ಮೇಲೆ ಇ 54 ಬಿದ್ದಿತು. ಔಷಧವು ಅಗ್ಗದ್ದು, ಎರಡು ವಾರದೊಳಗೆ ಒಸಡಿನ ರಕ್ತವೂ ನಿಂತಿತು.

ಇ 54ರೊಳಗೆ ಬರಿಯ ಕೊರತೆಯೂ ಪೂರ್ಣ ಸ್ಕರ್ವಿಯೂ ಒಟ್ಟಿಗೇ ಅಡಗಿವೆ. ಸ್ಕರ್ವಿಯಿಂದಾದ ರಕ್ತಹೀನತೆಯು ಮಾತ್ರ ಡಿ 53.2ಕ್ಕೆ ಹೋಗುವುದು, ರೋಗವು ಕಳೆದ ಬಳಿಕ ಉಳಿಯುವ ಊನಗಳು ಇ 64.2ಕ್ಕೆ. 2022ರಲ್ಲಿ ಜಾರಿಗೆ ಬಂದ ಹನ್ನೊಂದನೆಯ ಪರಿಷ್ಕರಣದಲ್ಲಿ ಕೊರತೆಗೆ 5ಬಿ56 ಎಂದಿಟ್ಟು ಸ್ಕರ್ವಿಯನ್ನು ಅದರಡಿ ಬೇರ್ಪಡಿಸಿದ್ದಾರೆ. ಇದು ನಮಗೆ ಒಪ್ಪಿತವಾಗಿದೆ. ಮುನ್ಸೂಚನೆಗೂ ಅನಾಹುತಕ್ಕೂ ಒಂದೇ ಹೆಸರಿರುವುದು ಸರಿಯಲ್ಲ.

ಆದುದರಿಂದ ಮನೆಯಲ್ಲಿ ಒಂಟಿಯಾಗಿರುವ ಹಿರಿಯರು, ಹಲವು ಪಥ್ಯಗಳಿಂದ ಊಟವೇ ಸಣ್ಣದಾದವರು, ಮದ್ಯಕ್ಕೆ ದಾಸರಾದವರು ಇದ್ದರೆ, ಅವರು ಒಂದು ವಾರ ತಿಂದುದನ್ನು ಚೀಟಿಯಲ್ಲಿ ಬರೆದು ವೈದ್ಯರ ಮುಂದಿಡಿರಿ; ಅವರು ಕೇಳದಿದ್ದರೂ ಸರಿಯೆ. ಸ್ಕರ್ವಿಯನ್ನು ತಡೆಯಲು ದಿನಕ್ಕೆ 10 ಮಿಲಿಗ್ರಾಂ ಸಾಕೆನ್ನುತ್ತಾರೆ. ಒಂದು ಸೀಬೆಹಣ್ಣಿನಲ್ಲಿಯೇ ಅದರ ಹಲವು ಪಾಲು ಇರುವುದು. ನೆಲ್ಲಿಕಾಯಿಯ ಮಾತಂತೂ ಹೇಳಬೇಕಾದುದಿಲ್ಲ. ತರಕಾರಿಯನ್ನು ಹೆಚ್ಚಿದ ಮೇಲೆ ಬಹಳ ಹೊತ್ತು ನೀರಿನಲ್ಲಿ ನೆನೆಯಿಡಬಾರದು, ಬೇಯಿಸಿದ ನೀರನ್ನು ಚೆಲ್ಲಬಾರದು. ನಿಂಬೆಯ ರಸವನ್ನು ಪಾತ್ರೆಯನ್ನು ಒಲೆಯಿಂದ ಇಳಿಸಿದ ಬಳಿಕ ಹಿಂಡತಕ್ಕದ್ದು. ಮೂತ್ರಪಿಂಡದಲ್ಲಿ ಕಲ್ಲಾಗುವ ಸ್ವಭಾವವುಳ್ಳವರು ಮಾತ್ರ ವೈದ್ಯರನ್ನು ಕೇಳದೆ ದೊಡ್ಡ ಪ್ರಮಾಣದ ಮಾತ್ರೆಗಳನ್ನು ನುಂಗತಕ್ಕದ್ದಲ್ಲ.