ಯುದ್ಧದ ವಸ್ತು: ಷೋಕಿಗೋ, ಪಾಠಕ್ಕೋ?

ನಮ್ಮ ಕಾಲೇಜಿನಲ್ಲಿ ಅಂಚೆಚೀಟಿ, ಹಳೆಯ ನಾಣ್ಯ ಸಂಗ್ರಹಿಸುವವರಿದ್ದಾರೆ. ಹೊರದೇಶಗಳಲ್ಲಿ ಎರಡನೇ ಮಹಾಯುದ್ಧದ ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಚೀಲ, ಟ್ಯಾಂಕ್ ಸೈನಿಕರ ಟೋಪಿ ಮುಂತಾದವನ್ನು ಸಂಗ್ರಹಿಸುವವರೂ ಇದ್ದಾರೆ. 'ಸತ್ತವರ ಸಾಮಾನು ಇಟ್ಟುಕೊಂಡು ಏನು ಪ್ರಯೋಜನ?' ಎಂದು ಮೊದಲು ನನಗೂ ಅನಿಸಿತ್ತು. ಅವುಗಳ ಬಗ್ಗೆ ಓದಿದ ಮೇಲೆ ಅಭಿಪ್ರಾಯ ಬದಲಾಯಿತು, ಆದರೆ ಒಂದು ಷರತ್ತಿನೊಂದಿಗೆ.

ಬ್ರಿಟಿಷ್ ಟ್ಯಾಂಕ್ ಸೈನಿಕರ ಮೊದಲ ಮಾದರಿಯ ಕ್ಯಾನ್ವಾಸ್ ಹೋಲ್‌ಸ್ಟರ್ ಸೊಂಟದಿಂದ ತೊಡೆಯವರೆಗೆ ಇಳಿಬಿದ್ದಿರುತ್ತಿತ್ತು. ಪಟ್ಟಿಯಿಂದ ಕಾಲಿಗೆ ಬಿಗಿಯಬೇಕಿತ್ತು. ನೋಡಲು ಸಿನಿಮಾ ಹೀರೋನದ್ದೇ! ಆದರೆ ಇಕ್ಕಟ್ಟಾದ ಟ್ಯಾಂಕಿನಲ್ಲಿ ಹತ್ತಿ ಇಳಿಯುವಾಗ ಅದು ಸಿಕ್ಕಿಹಾಕಿಕೊಳ್ಳುತ್ತಿತ್ತು. ಟ್ಯಾಂಕಿಗೆ ಬೆಂಕಿ ಬಿದ್ದರೆ ಹೊರಬರಲು ಸಿಗುವುದು ಕೆಲವೇ ಕ್ಷಣ. ಹಾಗಾಗಿ ನಂತರದ ಮಾದರಿಯನ್ನು ಸೊಂಟದ ಮಟ್ಟಕ್ಕೆ ಏರಿಸಿದರು. ಸೋವಿಯತ್ ಸೈನಿಕರ ಟೋಪಿಯ ಮೇಲಿನ ದಪ್ಪ ಮೆತ್ತೆಗಳ ಸಾಲು ಗುಂಡು ತಡೆಯಲು ಅಲ್ಲ, ಟ್ಯಾಂಕಿನ ಉಕ್ಕಿನ ಗೋಡೆಗೆ ಬಡಿದು ತಲೆ ಒಡೆಯದಿರಲೆಂದು. ಇವನ್ನು ಧರಿಸಿದವರಲ್ಲಿ ಅನೇಕರು ನಮಗಿಂತ ಎರಡು ಮೂರು ವರ್ಷ ದೊಡ್ಡವರು, ಅಷ್ಟೇ. ಯುದ್ಧವೆಂದರೆ ಏನೆಂದು ಪಠ್ಯಪುಸ್ತಕದ ಇಸವಿಗಳಿಗಿಂತ ಈ ಚೀಲ, ಟೋಪಿಗಳೇ ನನಗೆ ಚೆನ್ನಾಗಿ ಹೇಳಿಕೊಟ್ಟವು.

ಇನ್ನು ಷರತ್ತಿನ ವಿಷಯ. ಜರ್ಮನ್ ಸೈನ್ಯದ ಚರ್ಮದ ಹೋಲ್‌ಸ್ಟರ್‌ಗಳ ಮೇಲೆ ತಯಾರಕರ ಗುರುತು, ಇಸವಿ, ತಪಾಸಣೆಯ ಹದ್ದಿನ ಮುದ್ರೆ ಇರುತ್ತವೆ. ಇಂಥವಕ್ಕೆ ಬೇಡಿಕೆ ಹೆಚ್ಚು, ಆದ್ದರಿಂದ ನಕಲಿ ಮುದ್ರೆಗಳೂ ಇವೆ. ಚಿತ್ರ ತೋರಿಸಿದಾಗ ಗೆಳೆಯನೊಬ್ಬ, "ಹಿಟ್ಲರ್ ಕಾಲದ್ದಾ? ಸಖತ್ತಾಗಿದೆ ಕಣೋ!" ಎಂದ. ನಾನೂ ನಕ್ಕು ಸುಮ್ಮನಾದೆ. ಆ ನಗು ಈಗಲೂ ಚುಚ್ಚುತ್ತದೆ. ಸುಮಾರು 60 ಲಕ್ಷ ಯಹೂದಿಗಳನ್ನು, ಅವರು ಯಹೂದಿಗಳೆಂಬ ಒಂದೇ ಕಾರಣಕ್ಕೆ ಕೊಂದ ಆಡಳಿತವದು. ನೆರೆಮನೆಯವರನ್ನು 'ಬೇರೆಯವರು' ಎಂದು ಗುರುತು ಹಾಕುವುದರಿಂದಲೇ ಅದು ಶುರುವಾಯಿತು. ಇದು ಎಷ್ಟು ಅಪಾಯವೆಂದು ನಮ್ಮಂಥವರಿಗೆ ಬೇರೆಯವರು ಹೇಳಿಕೊಡಬೇಕೇ? ಜರ್ಮನಿಯಲ್ಲಿ ಇಂದು ನಾಜಿ ಚಿಹ್ನೆಗಳನ್ನು ಸಾರ್ವಜನಿಕವಾಗಿ ಪ್ರದರ್ಶಿಸುವುದು ಅಪರಾಧ. ಆದರೆ ಬೋಧನೆ, ಸಂಶೋಧನೆ, ಕಲೆಗೆ ವಿನಾಯಿತಿ ಇದೆ. ಈ ನಿಯಮ ನನಗೆ ಸರಿಯೆನಿಸುತ್ತದೆ.

ಆದ್ದರಿಂದ ಸಂಗ್ರಹಿಸುವವರು ಸಂಗ್ರಹಿಸಲಿ. ಆದರೆ ಪ್ರತಿ ವಸ್ತುವಿನ ಪಕ್ಕದಲ್ಲಿ ಒಂದು ಚೀಟಿ ಇರಲಿ: ಇದನ್ನು ಯಾರು ಧರಿಸಿದರು, ಯಾವ ಆಡಳಿತಕ್ಕಾಗಿ ಹೋರಾಡಿದರು, ಅದರಿಂದ ಯಾರು ಸತ್ತರು. ಆ ಚೀಟಿ ಬರೆಯಲಾಗದವರು ಅಂಚೆಚೀಟಿಯನ್ನೇ ಸಂಗ್ರಹಿಸುವುದು ಒಳ್ಳೆಯದು. ಮುಂದಿನ ಬಾರಿ ಗೆಳೆಯ 'ಸಖತ್' ಎಂದರೆ ನಾನು ನಗುವುದಿಲ್ಲ, ಕೂರಿಸಿಕೊಂಡು ಇಷ್ಟನ್ನೂ ಹೇಳುತ್ತೇನೆ.