ಒಮ್ಮೆ ಇಟ್ಟ ಅಂಕ



ಈ ಸಲ ಅಡಿಗೆಮನೆ ಬಿಟ್ಟು ಸ್ವಲ್ಪ ಹೊತ್ತು ಕಂಪ್ಯೂಟರ್ ಇರುವ ಕೋಣೆಗೆ ಬನ್ನಿ. "ಆಟದ ವಿಷಯ ನಮಗ್ಯಾಕೆ?" ಅಂತ ಪುಟ ತಿರುವಬೇಡಿ. ಕಾಲೇಜಿಗೆ ಹೋಗುವ ಮಗನೋ ಮಗಳೋ ಮನೆಯಲ್ಲಿದ್ದರೆ, ಒಂದಲ್ಲ ಒಂದು ದಿನ ಮುಖ ಸಣ್ಣ ಮಾಡಿಕೊಂಡು "ನನ್ನ ಕ್ಯಾರೆಕ್ಟರ್ ಕೆಟ್ಟುಹೋಯ್ತು" ಅಂದೇ ಅನ್ನುತ್ತಾರೆ. ಆಗ ರೇಗುವುದು ಸುಲಭ. ಪಕ್ಕದಲ್ಲಿ ಕೂತು ಕೆಟ್ಟಿದ್ದು ಎಲ್ಲಿ ಅಂತ ನೋಡುವುದು ಮೇಲು. ಮಧ್ಯಾಹ್ನದ ಬಿಡುವಿನಲ್ಲಿ ನಾನೂ ಆಡುತ್ತೇನೆ, ಆದ್ದರಿಂದಲೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಾನು ಹೇಳುವುದು 'ಡಯಾಬ್ಲೊ 2' ಎಂಬ ಆಟದ ವಿಷಯ. ಅಮೆರಿಕದ ಬ್ಲಿಝಾರ್ಡ್ ಕಂಪನಿ 2000ದಲ್ಲಿ ಹೊರತಂದದ್ದು. 2001ರಲ್ಲಿ ಇದಕ್ಕೆ ಇನ್ನೊಂದು ಭಾಗ ಸೇರಿತು, 2021ರಲ್ಲಿ ಹೊಸ ಚಿತ್ರಗಳೊಂದಿಗೆ ಮತ್ತೆ ಬಂತು. ರಕ್ತ, ರಾಕ್ಷಸರು ಎಲ್ಲ ಉಂಟು. ಅಮೆರಿಕದಲ್ಲಿ ಇದನ್ನು 17 ತುಂಬಿದವರ ಆಟ ಅಂತ ಗುರುತು ಹಾಕಿದ್ದಾರೆ, ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ.

ಆಟದಲ್ಲಿ ನಮ್ಮದೊಂದು ಪಾತ್ರ. ಅದು ಒಂದೊಂದು ಮೆಟ್ಟಿಲು ಏರಿದಾಗಲೂ 5 ಅಂಕ ಸಿಗುತ್ತೆ. ಅದನ್ನು ನಾಲ್ಕು ಗುಣಗಳಿಗೆ ಹಂಚಬೇಕು. ಸ್ಟ್ರೆಂತ್ ಅಂದರೆ ತೋಳ್ಬಲ, ಡೆಕ್ಸ್‌ಟೆರಿಟಿ ಅಂದರೆ ಕೈಚಳಕ, ವೈಟಾಲಿಟಿ ಅಂದರೆ ಜೀವಬಲ, ಎನರ್ಜಿ ಅಂದರೆ ಮಂತ್ರಶಕ್ತಿ. ಜೊತೆಗೆ ವಿದ್ಯೆ ಕಲಿಯಲು ಮೆಟ್ಟಿಲಿಗೆ ಒಂದು ಅಂಕ ಬೇರೆ. ಇಟ್ಟದ್ದು ಇಟ್ಟಂತೆಯೇ, ಬೇಡ ಅಂತ ಸುಮ್ಮನೆ ಹಿಂದಕ್ಕೆ ತೆಗೆಯಲಾಗದು. ಕತ್ತಿ, ಕವಚವಾದರೆ ನಾಳೆ ಬದಲಾಯಿಸಬಹುದು. ಇದು ಹಾಗಲ್ಲ. ಸಾರಿಗೆ ಬಿದ್ದ ಉಪ್ಪು ಅನ್ನಿ.

ದಾರಿಯಲ್ಲಿ ಕೆಲಸ ಮಾಡಿಕೊಟ್ಟದ್ದಕ್ಕೆ ಸಿಗುವ ಬಹುಮಾನಗಳೂ ಇವೆ. ಮೊದಲ ಗುಹೆಯನ್ನು ಶುಚಿ ಮಾಡಿದರೆ ವಿದ್ಯೆಯ ಅಂಕ 1, ರಾಡಮೆಂಟ್ ಎಂಬುವನನ್ನು ಕೊಂದು ಅಲ್ಲಿ ಸಿಕ್ಕ ಪುಸ್ತಕ ಓದಿದರೆ ಇನ್ನೊಂದು, ಇಝುವಲ್‌ನನ್ನು ಗೆದ್ದರೆ 2. ಲಾಮ್ ಎಸೆನ್ ಗ್ರಂಥ ತಂದುಕೊಟ್ಟರೆ ಗುಣದ ಅಂಕ 5. ಚಿನ್ನದ ಹಕ್ಕಿಯನ್ನು ಕೊಟ್ಟರೆ ಬರುವ ಔಷಧಿ ಜೀವವನ್ನು 20 ಏರಿಸುತ್ತೆ. ಆನ್ಯಾಳನ್ನು ಮಂಜಿನಿಂದ ಬಿಡಿಸಿದರೆ ಮಾಲಾ ಎಂಬ ಹೆಂಗಸು ಕೊಡುವ ಸುರುಳಿ, ಬೆಂಕಿ, ಚಳಿ, ಮಿಂಚು, ವಿಷಗಳನ್ನು ತಡೆಯುವ ಶಕ್ತಿಯನ್ನು 10 ಹೆಚ್ಚಿಸುತ್ತೆ. ನಾರ್ಮಲ್, ನೈಟ್‌ಮೇರ್, ಹೆಲ್ ಎಂಬ ಮೂರು ಸುತ್ತಿನಲ್ಲೂ ಇವು ಒಂದೊಂದು ಸಲ ಸಿಗುತ್ತವೆ. ಒಟ್ಟು ಲೆಕ್ಕ ವಿದ್ಯೆಯ ಅಂಕ 12, ಗುಣದ ಅಂಕ 15, ಜೀವ 60, ತಡೆಯುವ ಶಕ್ತಿ 30. ಪುಸ್ತಕ, ಸುರುಳಿಗಳನ್ನು ಓದಬೇಕು, ಔಷಧಿಯನ್ನು ಕುಡಿಯಬೇಕು. ಪೆಟ್ಟಿಗೆಯಲ್ಲಿ ಇಟ್ಟು ಮರೆತವರಿಗೆ ಫಲ ಇಲ್ಲ!

ಇನ್ನು ಹಂಚುವ ಬಗೆ. ನನ್ನ ಅಕ್ಕನ ಮಗಳು ಡಿಗ್ರಿ ಓದುತ್ತಾಳೆ. ಅವಳ ಪಾತ್ರ ಸಾರ್ಸರೆಸ್, ಅಂದರೆ ಮಾಂತ್ರಿಕಳು. "ಮಾಂತ್ರಿಕಳಿಗೆ ಮಂತ್ರಶಕ್ತಿ ತಾನೇ ಬೇಕು?" ಅಂತ ಬಂದದ್ದನ್ನೆಲ್ಲ ಎನರ್ಜಿಗೆ ಸುರಿದಿದ್ದಳು. ಎರಡನೇ ಸುತ್ತಿಗೆ ಬರುವಷ್ಟರಲ್ಲಿ ಎರಡು ಪೆಟ್ಟಿಗೆ ನೆಲಕ್ಕೆ. ಮೂರು ವಾರದ ಆಟ ನೀರಿನಲ್ಲಿ ಹೋಮ. ಅಳಿಸಿಬಿಡುತ್ತೇನೆ ಅಂತ ಕೂತಿದ್ದಳು, ಎರಡು ದಿನ ಯಾರ ಹತ್ತಿರವೂ ಸರಿಯಾಗಿ ಮಾತಿಲ್ಲ.

ನಾವಿಬ್ಬರೂ ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದು ನೋಡಿದೆವು. 40ನೇ ಮೆಟ್ಟಿಲಿನಲ್ಲಿ ಕೈಗೆ ಬಂದ ಅಂಕ 39 ಸಲ 5, ಅಂದರೆ 195. ಮಾಂತ್ರಿಕಳ ಜೀವ ಶುರುವಿನಲ್ಲಿ 40, ಮೆಟ್ಟಿಲಿಗೆ ಒಂದೊಂದು ಏರಿದರೆ 79, ಔಷಧಿಯ 20 ಸೇರಿದರೆ 99. ಅಷ್ಟೇ! ವೈಟಾಲಿಟಿಗೆ ಒಂದು ಅಂಕ ಇಟ್ಟರೆ ಅವಳಿಗೆ ಜೀವ 2 ಏರುತ್ತೆ. 195ರಲ್ಲಿ 150 ಅಲ್ಲಿಟ್ಟಿದ್ದರೂ 300 ಹೆಚ್ಚಿ, 399 ಆಗಿರೋದು. ಮಂತ್ರಶಕ್ತಿ ನೀಲಿ ಔಷಧಿಯಿಂದ ಬರುತ್ತೆ, ಸುಮ್ಮನೆ ನಿಂತರೂ ತಾನಾಗಿ ತುಂಬುತ್ತೆ. ಜೀವ ಹಾಗೆ ತಾನಾಗಿ ತುಂಬುವುದಿಲ್ಲ.

ಹಳೆಯ ಆಟಗಾರರು ಹೇಳುವ ಸೂತ್ರ ಇದನ್ನೇ ಹೇಳುತ್ತೆ. ತೊಡಬೇಕಾದ ಕವಚ ಕೇಳುವಷ್ಟು ಮಾತ್ರ ಸ್ಟ್ರೆಂತ್, ಗುರಾಣಿ ಹಿಡಿದು ಪೆಟ್ಟು ತಪ್ಪಿಸುವವರಿಗೆ ಬೇಕಾದಷ್ಟು ಡೆಕ್ಸ್‌ಟೆರಿಟಿ, ಉಳಿದದ್ದೆಲ್ಲ ವೈಟಾಲಿಟಿ. ಎನರ್ಜಿಗೆ ಸಾಮಾನ್ಯವಾಗಿ ಏನೂ ಇಲ್ಲ. ಬೇರೆ ಕಡೆಯಿಂದ ತರಬಹುದಾದ್ದಕ್ಕೆ ಶಾಶ್ವತದ ಅಂಕ ಖರ್ಚು ಮಾಡಬೇಡಿ, ಬೇರೆ ಕಡೆ ಸಾಕಷ್ಟು ಸಿಗದ್ದಕ್ಕೆ ಇಡಿ. ಇಂದಿನ ಶತ್ರುವನ್ನಲ್ಲ, ಕೊನೆಯ ಸುತ್ತನ್ನು ನೋಡಿ ಇಡಿ. ತಡೆಯುವ ಶಕ್ತಿ ಎರಡನೇ ಸುತ್ತಿನಲ್ಲಿ 40, ಮೂರನೆಯದರಲ್ಲಿ 100 ತಗ್ಗುತ್ತೆ. ಮಾಲಾಳ ಸುರುಳಿಯ ಬೆಲೆ ಗೊತ್ತಾಗುವುದು ಆಗ.

ಬಹುಮಾನ ಕೈಗೆ ಬಂದ ದಿನವೇ ಬಳಸಬೇಕು ಅಂತಲೂ ಇಲ್ಲ. ಚಾರ್ಸಿ ಎಂಬ ಕಮ್ಮಾರಗಿತ್ತಿ ಒಂದು ಸಾದಾ ಆಯುಧವನ್ನೋ ಕವಚವನ್ನೋ ವಿಶೇಷ ಮಾಡಿಕೊಡುತ್ತಾಳೆ. ಸುತ್ತಿಗೆ ಒಂದೇ ಸಲ. ನಮ್ಮ ಮೆಟ್ಟಿಲು ಎತ್ತರವಾದಷ್ಟೂ ಒಳ್ಳೆಯ ಗುಣ ಬರುವ ಸಂಭವ ಹೆಚ್ಚು. ಅವಳೇನು ಓಡಿಹೋಗುವುದಿಲ್ಲ, ಕಾಯಬಹುದು.

ನ್ಯೂಜಿಲೆಂಡಿನವರು 2013ರಲ್ಲಿ ತಂದ 'ಪಾತ್ ಆಫ್ ಎಕ್ಸೈಲ್' ಆಟದಲ್ಲಿ ಆಯ್ಕೆ ಇನ್ನೂ ಕಠಿಣ. ಓಕ್, ಕ್ರೈಟಿನ್, ಅಲೀರಾ ಅಂತ ಮೂವರು ದರೋಡೆಕೋರರು. ಒಬ್ಬರ ಪಕ್ಷ ಹಿಡಿದು ಉಳಿದಿಬ್ಬರನ್ನು ಕೊಲ್ಲಬೇಕು, ಇಲ್ಲವೇ ಮೂವರನ್ನೂ ಮುಗಿಸಬೇಕು. 2017ರಲ್ಲಿ ಆಟವನ್ನು ಪರಿಷ್ಕರಿಸಿದಾಗ, ಅಲೀರಾಳನ್ನು ಉಳಿಸಿದರೆ ಬೆಂಕಿ, ಚಳಿ, ಮಿಂಚು ತಡೆಯುವ ಶಕ್ತಿ 15 ಸಿಗುವಂತಾಯಿತು, ಮೂವರನ್ನೂ ಕೊಂದರೆ ಎಲ್ಲಿ ಬೇಕಾದರೂ ಇಡಬಹುದಾದ ಎರಡು ಅಂಕ. ಪಳಗಿದವರು ಎರಡು ಅಂಕ ತೆಗೆದುಕೊಂಡರು. ಹೊಸಬರಿಗೆ ಅಲೀರಾಳ 15ನ್ನೇ ಹೇಳುತ್ತಿದ್ದರು. ಎರಡೂ ಸರಿಯೇ. ಕೊರತೆ ಯಾರಿಗೆ ಯಾವುದೋ, ಆಯ್ಕೆಯೂ ಅದೇ. ಇಂಥ ಆಟಗಳಲ್ಲಿ ಲೆಕ್ಕ ಆಗಾಗ ಬದಲಾಗುತ್ತೆ, ಒತ್ತುವ ಮೊದಲು ಓದಿಕೊಳ್ಳಿ.

ಅಕ್ಕನ ಮಗಳ ಕತೆ ಏನಾಯ್ತು ಅಂತೀರಾ? 2010ರಲ್ಲಿ ಡಯಾಬ್ಲೊ 2ರಲ್ಲಿ ಒಂದು ದಾರಿ ತೆರೆದರು. ಮೊದಲ ಗುಹೆಯ ಕೆಲಸ ಮುಗಿಸಿದವರಿಗೆ ಅಕಾರಾ ಎಂಬಾಕೆ ಅಂಕಗಳನ್ನೆಲ್ಲ ಬಿಡಿಸಿ ಕೈಗೆ ಕೊಡುತ್ತಾಳೆ. ಸುತ್ತಿಗೆ ಒಂದು ಸಲದಂತೆ ಮೂರೇ ಸಲ. ಆಮೇಲೂ ಬೇಕಾದರೆ ಕೊನೆಯ ಸುತ್ತಿನ ದೊಡ್ಡ ರಾಕ್ಷಸರಿಂದ ನಾಲ್ಕು ಸಾರಗಳನ್ನು ಸಂಪಾದಿಸಿ ಘನಪೆಟ್ಟಿಗೆಯಲ್ಲಿ ಬೆರೆಸಬೇಕು. ಹುಡುಗಿ ಅಳಿಸಲಿಲ್ಲ. ಕಾಗದದ ಮೇಲೆ ಮೊದಲು ಹಂಚಿ, ಆಮೇಲೆ ಅಕಾರಾಳ ಹತ್ತಿರ ಹೋದಳು. ಈಗ ಅವಳು ಮೂರನೇ ಸುತ್ತಿನಲ್ಲಿದ್ದಾಳೆ.

ಆ ಲೆಕ್ಕ ಬರೆಯುವಾಗ ಅವಳು ಒಂದು ಮಾತು ಕೇಳಿದಳು: "ಚಿಕ್ಕಮ್ಮ, ನೀನು ನಿನ್ನ ವೈಟಾಲಿಟಿಗೆ ಎಷ್ಟು ಇಟ್ಟಿದ್ದೀಯ?" ನಕ್ಕುಬಿಟ್ಟೆ. ಆದರೆ ಮಾತು ಕಿವಿಯಲ್ಲೇ ಉಳಿಯಿತು. ಬೆಳಗಾದರೆ ಡಬ್ಬಿ, ಮಧ್ಯಾಹ್ನ ಬಟ್ಟೆ, ಸಂಜೆ ಮತ್ತೆ ಒಲೆ. ಕಾಣುವ ಕೆಲಸಕ್ಕೆಲ್ಲ ನಾವು ಧಾರಾಳ. ಕಬ್ಬಿಣದ ಮಾತ್ರೆ ನಾಳೆ, ನಡಿಗೆ ನಾಡಿದ್ದು, ಕಣ್ಣಿನ ಪರೀಕ್ಷೆ ಯುಗಾದಿ ಕಳೆದ ಮೇಲೆ. ನಮ್ಮ ಅಂಕ ಬಿಡಿಸಿಕೊಡಲು ಯಾವ ಅಕಾರಾಳೂ ಇಲ್ಲ, ಸೋದರಿಯರೇ. ನಾನು ಈ ತಿಂಗಳಿಂದ ಬೆಳಗಿನ ಅರ್ಧ ಗಂಟೆ ನಡಿಗೆಗೆ ಇಟ್ಟಿದ್ದೇನೆ. ಆ ಹೊತ್ತಿಗೆ ಕಾಫಿ ಬೇಕಾದವರು ಅವರೇ ಮಾಡಿಕೊಳ್ಳುತ್ತಾರೆ. ನೀವು ಯಾವುದಕ್ಕೆ ಇಟ್ಟಿರಿ, ಬರೆದು ತಿಳಿಸಿ.