ನೋಡದೆ ಹಾಕುವ ಮತ

ಆಸ್ಕರ್‌ನ ಅಂತಿಮ ಸುತ್ತಿನಲ್ಲಿ ಒಂದು ವಿಭಾಗಕ್ಕೆ ಮತ ಹಾಕಬೇಕಾದರೆ ಅಲ್ಲಿ ನಾಮನಿರ್ದೇಶನಗೊಂಡ ಎಲ್ಲ ಚಿತ್ರಗಳನ್ನೂ ನೋಡಿರಲೇಬೇಕೆಂದು ಆ ಪ್ರಶಸ್ತಿ ಕೊಡುವ ಅಕಾಡೆಮಿ ನಿಯಮ ಪ್ರಕಟಿಸಿದ್ದು 2025ರ ಏಪ್ರಿಲ್‌ನಲ್ಲಿ. ಮೊದಲ ಪ್ರಶಸ್ತಿ ಕೊಟ್ಟದ್ದು 1929ರಲ್ಲಿ! ಇಷ್ಟು ಕಾಲ ಬಹುತೇಕ ವಿಭಾಗಗಳಲ್ಲಿ ಹೆಸರು, ಪ್ರಚಾರ, ಗಾಳಿಮಾತು ನೆಚ್ಚಿಯೂ ಮತ ಹಾಕಬಹುದಿತ್ತು; ಅದರ ಲಾಭ ಹಣವಿದ್ದ ಸ್ಟುಡಿಯೊಗಳಿಗೇ ಹೆಚ್ಚು. ಚಿತ್ರೀಕರಣದ ಗಡಿಬಿಡಿಯಲ್ಲಿರುವ ಸದಸ್ಯರಿಗೆ ಎಲ್ಲವನ್ನೂ ನೋಡಲು ಪುರುಸೊತ್ತೆಲ್ಲಿ ಎಂಬ ಆಕ್ಷೇಪ ಹೊಸ ನಿಯಮಕ್ಕಿದೆ. ಆದರೆ ಅತ್ಯುತ್ತಮ ಚಿತ್ರಕ್ಕೆ ಹತ್ತು, ಉಳಿದ ಬಹುತೇಕ ವಿಭಾಗಗಳಿಗೆ ಐದೇ ಸ್ಪರ್ಧಿಗಳು. ಪುರುಸೊತ್ತಿಲ್ಲದವರು ಆ ವಿಭಾಗವನ್ನು ಬಿಟ್ಟರಾಯಿತು. ಗಟ್ಟಿ ಆಕ್ಷೇಪ ಬೇರೆಯೇ ಇದೆ: ಚಿತ್ರಮಂದಿರದಲ್ಲೋ ಚಿತ್ರೋತ್ಸವದಲ್ಲೋ ನೋಡಿದ್ದೇನೆಂದು ನಮೂನೆ ತುಂಬಿಕೊಟ್ಟರೆ ಸಾಕಾದಾಗ, ಸುಳ್ಳು ಹೇಳುವವರನ್ನು ತಡೆಯುವವರು ಯಾರು? ನಿಜವೇ. ಆದರೂ ನೋಡದೆ ಸುಮ್ಮನೆ ಮತ ಹಾಕುವುದು ಬೇರೆ, ನೋಡಿದ್ದೇನೆಂದು ಬರೆದುಕೊಟ್ಟು ಹಾಕುವುದು ಬೇರೆ; ಎರಡನೆಯದಕ್ಕೆ ಬಹಳ ಜನ ಹಿಂಜರಿದಾರು.